ಸೋಮವಾರಕ್ಕೆ ಮುಂದೂಡಿದ ಗ್ರಾಮ ಸಭೆ

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆದ ಗ್ರಾಮ ಸಭೆಗೆ ಹನ್ನೊಂದೂವರೆಯಾದರೂ ಬಂದವರು ಹತ್ತೊಂಬತ್ತು ಮಂದಿ. ಅವರಲ್ಲಿ ಆರು ಜನ ಪಂಚಾಯತಿ ಸದಸ್ಯರು, ಇಬ್ಬರು ಸಿಬ್ಬಂದಿ. ಇನ್ನೊಬ್ಬರು ಮನೆಯ ನಲ್ಲಿ ಸೋರುತ್ತದೆ ಎಂದು ದೂರು ಕೊಡಲು ಬಂದು, ಕುರ್ಚಿ ಹಾಕಿದ್ದು ಕಂಡು ಕೂತವರು. ಸಭೆ ಕಾಯಿದೆ ಪ್ರಕಾರ ನಡೆಯಬೇಕಾದರೆ ನೂರು ಜನರಾದರೂ ಇರಬೇಕು.

ನಾನು ಆ ಪಂಚಾಯತಿಯ ಪಿಡಿಒ, ಅಂದರೆ ಅಭಿವೃದ್ಧಿ ಅಧಿಕಾರಿ. ಅಂಕೋಲೆ ತಾಲೂಕಿನ ಕಡಲ ಬದಿಯ ಊರು ಅದು. ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಬಿಣಗಾ ದಾಟಿ ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದೆ. ಭಾನುವಾರವನ್ನು ಆರಿಸಿದವನೂ ನಾನೇ. ಕೆಲಸದ ದಿನ ಸಭೆ ಇಟ್ಟರೆ ಯಾರು ಬರುತ್ತಾರೆ, ರಜೆಯ ದಿನ ಇಟ್ಟರೆ ಊರಿಗೆ ಊರೇ ಬರುತ್ತದೆ ಎಂದು ಯೋಚಿಸಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಧ್ವನಿವರ್ಧಕ ಕಟ್ಟಿದ ರಿಕ್ಷಾ ಎರಡು ದಿನ ಕೇರಿಕೇರಿ ಸುತ್ತಿತ್ತು.

ಬಿಲ್ ಕಲೆಕ್ಟರಿಗೆ ಮಾತ್ರ ಯಾವ ಆತಂಕವೂ ಇರಲಿಲ್ಲ. ಆತ ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ.

“ತಲೆಬಿಸಿ ಮಾಡ್ಕೊಳ್ಬೇಡಿ ಸರ್. ಊಟದ ಹೊತ್ತಿಗೆ ನೂರು ಮಾಡ್ಕೊಂಡು ಬತ್ತೆ.”

ಇದು ಹೊಸದೇನಲ್ಲ. ಸಭೆ ಇಲ್ಲಿ ನಡೆಯುತ್ತದೆ, ಸಹಿ ಊರಲ್ಲಿ ನಡೆಯುತ್ತದೆ. ಹಿಂದಿನ ಎರಡು ವಾರ್ಡ್ ಸಭೆಗಳಲ್ಲೂ ನಾನು ಕಂಡೂ ಕಾಣದವನಂತೆ ಇದ್ದೆ. ಆ ದಿನ ಯಾಕೋ ಕೂರಲಾಗಲಿಲ್ಲ. ಅವನ ಹಿಂದೆಯೇ ಬೈಕ್ ತೆಗೆದುಕೊಂಡು ಹೋದೆ.

ಆತ ನೇರ ಹೋದದ್ದು ಹೆದ್ದಾರಿ ಪಕ್ಕದ ಮೀನು ಮಾರ್ಕೆಟ್ಟಿಗೆ. ಮಾರುವವರು ಕೊಳ್ಳುವವರು ಸೇರಿ ನೂರು ಸಹಿ ಒಂದೇ ಕಡೆ ಸಿಗುವ ಜಾಗ ಅದೊಂದೇ. ಕಾಲಿಡಲು ಜಾಗವಿಲ್ಲ. ಕಾರುಗಳು ರಸ್ತೆಯುದ್ದಕ್ಕೂ ನಿಂತಿದ್ದವು. ನಲವತ್ತು ಐವತ್ತು ಹೆಂಗಸರು ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದರು, ಒಂದು ಕೈಯಲ್ಲಿ ಬಂಗಡೆ ಎಣಿಸಿ ಹಾಕುತ್ತ ಇನ್ನೊಂದು ಕೈಯಲ್ಲಿ ನಮ್ಮ ಪುಸ್ತಕಕ್ಕೆ ಸಹಿ ಮಾಡುತ್ತಿದ್ದರು. ಪುಟದ ಮೇಲೆಲ್ಲ ಮೀನಿನ ನೀರು. ಬಿಲ್ ಕಲೆಕ್ಟರ್ ಮೊದಲ ಸಾಲಿನ ಹಿರಿಯ ಹೆಂಗಸಿನ ಮುಂದೆ ಪುಸ್ತಕ ಹಿಡಿದ. ಮಾರ್ಕೆಟ್ಟಿನಲ್ಲಿ ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಾರೆ. ಅರುವತ್ತು ದಾಟಿದ ಜೀವ, ಮೂಗುಬೊಟ್ಟು, ಯಾರಿಗೂ ಬಗ್ಗದ ಬಾಯಿ.

“ಇದು ಯಾವ್ದಕ್ಕೆ?” ಎಂದು ಅವರು ಕೇಳಿದ್ದು ಆತನನ್ನಲ್ಲ, ಹಿಂದೆ ನಿಂತಿದ್ದ ನನ್ನನ್ನು.

“ಗ್ರಾಮ ಸಭೆಗೆ.”

“ಎಂದಿಗೆ ಅದು?”

“ಇವತ್ತೇ. ಈಗ.”

ಅವರು ಗಿರಾಕಿಯ ಚೀಲಕ್ಕೆ ಮೀನು ಸುರಿದು, ಕೈ ಒರೆಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಭಾನ್ವಾರ ಸಭೆ ಇಟ್ಟವ್ರು ಮೀನು ತಿಂಬವ್ರಲ್ಲ. ಹೌದಾ ಅಲ್ವಾ?”

“ಇಟ್ಟದ್ದು ನಾನೇ,” ಎಂದೆ.

“ನೀವು ತಿಂತ್ರಾ ಸಾಹೇಬ್ರೆ?”

“ಇಲ್ಲ.”

ಇಡೀ ಮಾರ್ಕೆಟ್ಟು ನಕ್ಕಿತು. ಗಿರಾಕಿಗಳೂ ನಕ್ಕರು. ಒಳನಾಡಿನ ಅಡಿಕೆ ತೋಟದವರ ಮನೆಯಿಂದ ಬಂದವನು ನಾನು. ಭಾನುವಾರ ಎಂದರೆ ನನಗೆ ಬಿಡುವು. ಕಡಲ ಬದಿಯಲ್ಲಿ ಭಾನುವಾರ ಎಂದರೆ ವಾರದಲ್ಲೇ ಹೆಚ್ಚು ಮೀನು ಖರ್ಚಾಗುವ ದಿನ ಎಂಬುದು ಇಲ್ಲಿಯ ಮಗುವಿಗೂ ಗೊತ್ತು. ಅರ್ಧ ಊರಿಗೆ ತಲೆಯೆತ್ತಲು ಪುರುಸೊತ್ತಿಲ್ಲದ ಹೊತ್ತನ್ನೇ ಹುಡುಕಿ ಹುಡುಕಿ ನಾನು ಸಭೆ ಕರೆದಿದ್ದೆ.

“ಸೋಮ್ವಾರ ಇಡಿ,” ಎಂದರು ದೊಡ್ಡಕ್ಕ. “ಸೋಮ್ವಾರ ಸುಮಾರು ಜನ ಮೀನು ಮುಟ್ಟೂದಿಲ್ಲ. ನಾವು ನೊಣ ಹೊಡೀತಾ ಕೂತಿರ್ತೇವೆ. ಆಗ ಕರೀರಿ, ಯಾಕೆ ಬರೂದಿಲ್ಲ ನೋಡ್ವಾ.”

ಹಾಜರಿ ಪುಸ್ತಕವನ್ನು ನಾನು ಕೈಗೆ ತೆಗೆದುಕೊಂಡೆ. ಕಚೇರಿಗೆ ಬಂದು, ಕೋರಂ ಇಲ್ಲದ ಕಾರಣ ಸಭೆಯನ್ನು ಮುಂದೂಡಲಾಗಿದೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಮಾರ್ಕೆಟ್ಟಿನಲ್ಲಿ ಮಾಡಿಸಿದ ಸಹಿಗಳ ಮೇಲೆ ಅಡ್ಡಗೆರೆ ಎಳೆದೆ.

ಪಂಚಾಯತಿ ಅಧ್ಯಕ್ಷರಿಗೆ ಸಿಟ್ಟು ಬಂತು. ಬರದೆ ಏನು? ಆ ವರ್ಷದ ಕ್ರಿಯಾ ಯೋಜನೆಯಲ್ಲಿ ನೀರು, ಚರಂಡಿ, ದೀಪಕ್ಕೆಂದು ಕಟ್ಟಿಟ್ಟದ್ದನ್ನು ಬಿಟ್ಟರೆ ಊರಿನ ಇಷ್ಟದಂತೆ ಮಾಡಬಹುದಾದ ದೊಡ್ಡ ಕೆಲಸ ಒಂದೇ ಉಳಿದಿತ್ತು. ಅದಕ್ಕೆ ಅವರು ಹೆದ್ದಾರಿಯ ತಿರುವಿನಲ್ಲಿ ಊರಿನ ಹೆಸರು ಹೊತ್ತ ಸ್ವಾಗತ ಕಮಾನು ಕಟ್ಟಿಸಬೇಕೆಂದಿದ್ದರು. ಅವರೇನು ಕೆಟ್ಟವರಲ್ಲ. ಎರಡು ಬೋಟಿನ ಯಜಮಾನರು, ಊರೆಂದರೆ ಜೀವ ಬಿಡುವವರು.

“ರೋಡು ನಾಲ್ಕು ಪಥ ಆದ್ಮೇಲೆ ನಮ್ಮೂರು ಎಲ್ಲಿ ಬಂತು, ಎಲ್ಲಿ ಹೋಯ್ತು ಅಂತ ಯಾರಿಗೂ ಗೊತ್ತಾಗೂದಿಲ್ಲ ಸರ್,” ಎಂದರು. “ಕಮಾನು ಪಾಸ್ ಆಗ್ತಿತ್ತು ಇವತ್ತು. ನೀವು ಸುಮ್ನೆ ಮುಂದೆ ಹಾಕಿದ್ರಿ.”

“ಮುಂದಿನ ಸಭೆಯಲ್ಲಿ ನೂರು ಜನರ ಎದುರಿಗೇ ಪಾಸ್ ಆಗಲಿ,” ಎಂದೆ. ಅವರು ನಂಬಿದರೋ ಇಲ್ಲವೋ, ಒಂದು ತಿಂಗಳ ಆಚೆಯ ಸೋಮವಾರಕ್ಕೆ ಒಪ್ಪಿದರು. ಅದಕ್ಕೂ ಮೊದಲು ಮುಂದಿನ ವಾರ ಮಾರ್ಕೆಟ್ಟಿನ ವಾರ್ಡ್ ಸಭೆಯನ್ನು ಅಲ್ಲೇ ಮತ್ತೊಮ್ಮೆ ಮಾಡುವುದೆಂದು ನಿರ್ಣಯವಾಯಿತು.

ವಾರ್ಡ್ ಸಭೆಯ ಸೋಮವಾರ ಹೆಂಗಸರು ಬಂದರು ಎನ್ನುವುದಕ್ಕಿಂತ, ನಾವೇ ಅವರಿದ್ದಲ್ಲಿಗೆ ಹೋದೆವು. ಮೀನು ಕಡಿಮೆ, ಗಿರಾಕಿ ಇಲ್ಲವೇ ಇಲ್ಲ. ಬುಟ್ಟಿಗಳನ್ನು ಬದಿಗೆ ಸರಿಸಿ ಅರ್ಧಚಂದ್ರಾಕಾರವಾಗಿ ಕೂತರು. ನಾನು ಉತ್ಸಾಹದಿಂದ ಪೆನ್ನು ತೆಗೆದು, “ನಿಮ್ಮ ಮಾರ್ಕೆಟ್ಟಿಗೆ ಏನು ಬೇಕು ಹೇಳಿ,” ಎಂದೆ. ಯಾರೂ ಬಾಯಿ ಬಿಡಲಿಲ್ಲ. ಸದಸ್ಯರೊಬ್ಬರು ಕಮಾನಿನ ಮಾತೆತ್ತಿದರು. ಇನ್ನೊಬ್ಬರು ಬೀದಿದೀಪದ ಮಾತೆತ್ತಿದರು. ನಾನು ಮತ್ತೆ ಹೆಂಗಸರ ಕಡೆ ತಿರುಗಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ದೊಡ್ಡಕ್ಕ, “ಮಾಡಿಗೆ ಎರಡು ಶೀಟು ಹಾಕ್ಸಿ, ಸೋರ್ತದೆ. ಮತ್ತೆಂತ ಇಲ್ಲ,” ಎಂದು ಮುಗಿಸಿಬಿಟ್ಟರು. ವಾರಪೂರ್ತಿ ಹುರುಪಿನಲ್ಲಿದ್ದ ನನಗೆ ಎರಡು ಶೀಟು ಬರೆದುಕೊಂಡು ಏಳುವಾಗ ಸಪ್ಪೆ ಎನ್ನಿಸಿತು.

ಬೈಕಿನ ಹತ್ತಿರ ಬಂದಾಗ ಆ ವಾರ್ಡಿನ ಆಶಾ ಕಾರ್ಯಕರ್ತೆ ಹಿಂದೆಯೇ ಬಂದರು.

“ಸರ್, ಅವ್ರಿಗೆ ಬೇಕಾದ್ದು ಶೀಟಲ್ಲ. ಸಂಡಾಸ.”

ನಾನು ಬೈಕಿನ ಹ್ಯಾಂಡಲ್ ನೋಡುತ್ತ ನಿಂತೆ. ಆಕೆ ದನಿ ತಗ್ಗಿಸಲಿಲ್ಲ.

“ಬೆಳಿಗ್ಗೆ ಐದಕ್ಕೆ ಮನೆ ಬಿಡ್ತಾರೆ, ತಿರುಗಿ ಮುಟ್ಟೂದು ಎರಡೂವರೆಗೆ. ಮೊದ್ಲು ಹಿಂದ್ಗಡೆ ಗೇರು ಹಿತ್ಲಿತ್ತು. ರೋಡು ಅಗಲ ಆಗುವಾಗ ಗೇರುಮರ ಎಲ್ಲ ಹೋಯ್ತು. ಈಗ ಎಲ್ಲಿ ಹೋಗೂದು? ಅದ್ಕೇ ನೀರೇ ಕುಡಿಯೂದಿಲ್ಲ. ಗಂಡಸ್ರ ಎದುರು ಇದ್ನೆಲ್ಲ ಹೇಳೂಕೆ ಆಗ್ತದಾ ಅವ್ರಿಗೆ?”

ಉಳಿದದ್ದನ್ನೂ ಹೇಳಿದರು. ಕಳೆದ ಬೇಸಿಗೆಯಲ್ಲಿ ದೊಡ್ಡಕ್ಕ ಬುಟ್ಟಿಗಳ ನಡುವೆಯೇ ಕುಸಿದು ಬಿದ್ದಿದ್ದರಂತೆ. ಕಾರವಾರದ ಆಸ್ಪತ್ರೆಯಲ್ಲಿ ಒಂದು ವಾರ ಇದ್ದರು. ಮೂತ್ರದ ಸೋಂಕು ಕಿಡ್ನಿಗೇರಿತ್ತು. ನೀರು ಚೆನ್ನಾಗಿ ಕುಡಿಯಬೇಕು, ಇಲ್ಲವಾದರೆ ಮಾರ್ಕೆಟ್ಟು ಬಿಡಬೇಕು, ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ವೈದ್ಯರು ಹೇಳಿ ಕಳಿಸಿದ್ದರು. ದೊಡ್ಡಕ್ಕ ಎರಡನ್ನೂ ಮಾಡಿರಲಿಲ್ಲ. ಮಗ ಸೊಸೆ ಸೇರಿ ಈಗ ಗಡುವು ಹಾಕಿದ್ದರು: ಸುಗ್ಗಿ ಹುಣ್ಣಿಮೆಯ, ಅಂದರೆ ಮಾರ್ಚಿನ ಹೋಳಿಯ ತನಕ ನೋಡುವುದು, ಆಮೇಲೆ ಬುಟ್ಟಿ ಮುಟ್ಟಲು ಬಿಡುವುದಿಲ್ಲ.

“ಮಾರ್ಕೆಟ್ ಬಿಡಿಸಿ ಮನೆಲಿ ಕೂಡ್ಸಿದ್ರೆ ಆ ಮುದುಕಿ ಉಳಿಯೂದಿಲ್ಲ ಸರ್,” ಎಂದರು ಆಶಾ ಕಾರ್ಯಕರ್ತೆ.

ನನಗೆ ನಾಚಿಕೆಯಾಯಿತು. ದಿನಕ್ಕೆ ಎರಡು ಸಲ ಆ ಮಾರ್ಕೆಟ್ಟಿನ ಮುಂದೆ ಹೋಗುವವನು ನಾನು. ವಾಸನೆಗೆ ಮುಖ ಸಿಂಡರಿಸಿ ವೇಗ ಹೆಚ್ಚಿಸುತ್ತಿದ್ದೆನೇ ಹೊರತು, ಇಷ್ಟು ಹೆಂಗಸರು ಇಡೀ ದಿನ ಇಲ್ಲಿ ಹೇಗೆ ಇರುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಗ್ರಾಮ ಸಭೆಗೆ ಮೊದಲು ಮಹಿಳೆಯರಿಗೇ ಒಂದು ಪ್ರತ್ಯೇಕ ಸಭೆ ಮಾಡಬೇಕೆಂದು ನಿಯಮವಿದೆ. ನಮ್ಮಲ್ಲಿ ಅದು ಸ್ವಸಹಾಯ ಸಂಘದವರನ್ನು ಕೂರಿಸಿ, ಫೋಟೋ ತೆಗೆದು, ಚಹಾ ಕೊಟ್ಟು ಕಳಿಸುವ ಶಾಸ್ತ್ರವಾಗಿತ್ತು. ಈ ಸಲ ಅದನ್ನೂ ಮುಂದಿನ ಸೋಮವಾರವೇ ಇಟ್ಟೆ. ಪಂಚಾಯತಿ ಸಭಾಂಗಣ ತುಂಬಿತು. ಉಪಾಧ್ಯಕ್ಷೆ ಅಧ್ಯಕ್ಷತೆ ವಹಿಸಿದರು. ನಾನು ನಡಾವಳಿ ಪುಸ್ತಕ ತೆರೆದು ಕೂತೆ. ಅದೇ ಮೌನ. ಒಬ್ಬರು ಬಲ್ಬು ಎಂದರು, ಇನ್ನೊಬ್ಬರು ಶೀಟು ಎಂದರು. ಆಶಾ ಕಾರ್ಯಕರ್ತೆ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು. ತೊಂದರೆ ಎಲ್ಲಿದೆ ಎಂದು ನನಗೂ ಗೊತ್ತಿತ್ತು. ಆ ಕೋಣೆಯಲ್ಲಿದ್ದ ಒಬ್ಬನೇ ಗಂಡಸು ನಾನು.

ಹೊರಗೆ ಹೋಗೋಣವೆಂದರೆ ನಡಾವಳಿ ಬರೆಯಬೇಕಾದವನು ನಾನು. ಆ ಪುಸ್ತಕದ ಪುಟಪುಟಕ್ಕೂ ನಂಬರು, ಮೊಹರು ಇರುತ್ತದೆ. ಅದು ಪಿಡಿಒ ಸುಪರ್ದಿ ಬಿಟ್ಟು ಹೋಗಬಾರದು. ಒಂದು ಹಾಳೆ ಹರಿದರೂ, ಒಂದು ಸಾಲು ಗೀಚಿದರೂ ಉತ್ತರ ಕೊಡಬೇಕಾದವನು ನಾನು. ಕೊನೆಗೆ ಬರೆದದ್ದರ ಕೆಳಗೆ ಗೆರೆ ಎಳೆದು, ಸಹಿ ಮಾಡಿ, ಹೊತ್ತು ನಮೂದಿಸಿ, ಎದ್ದು ನಿಂತೆ.

“ನಿಮ್ಮಲ್ಲಿ ಚೆನ್ನಾಗಿ ಬರೆಯುವವರು ಯಾರು?”

ಎಲ್ಲರೂ ದೊಡ್ಡಕ್ಕನ ಸೊಸೆಯನ್ನು ತೋರಿಸಿದರು. ಪಿಯುಸಿ ಓದಿ, ಅತ್ತೆಯ ಪಕ್ಕದಲ್ಲೇ ಬುಟ್ಟಿ ಇಟ್ಟು ಕೂರುವವಳು. ಪುಸ್ತಕ ಮತ್ತು ಪೆನ್ನನ್ನು ಅವಳ ಮುಂದೆ ಇಟ್ಟೆ.

“ನಾನು ಹೊರಗಿರುತ್ತೇನೆ. ನೀವು ಮಾತಾಡಿ ಗಟ್ಟಿ ಮಾಡಿದ್ದನ್ನು ಈ ಗೆರೆಯ ಕೆಳಗೆ ನಿಮ್ಮ ಮಾತಿನಲ್ಲೇ ಬರೀರಿ. ಬರೆದದ್ದನ್ನು ಎಲ್ಲರಿಗೂ ಓದಿ ಹೇಳಿ. ಕೇಳಿ ಒಪ್ಪಿದ ಮೇಲೆ ಸಹಿ. ಮೊದಲು ಸಹಿ ಬೇಡ.”

“ಅಯ್ಯೋ ಸರ್, ತಪ್ಪಾದ್ರೆ?” ಎಂದಳು ಸೊಸೆ.

“ತಪ್ಪಾದರೆ ನನ್ನನ್ನು ಬೈಯುತ್ತಾರೆ. ನೀವು ಬರೀರಿ.”

ಹೊರಗೆ ಜಗಲಿಯ ಮೇಲೆ ಕೂತೆ. ಬಾಗಿಲು ಮುಚ್ಚಿತು. ಐದು ನಿಮಿಷ ಸದ್ದಿಲ್ಲ. ಆಮೇಲೆ ಒಂದು ದನಿ, ಅದರ ಮೇಲೆ ಹತ್ತು ದನಿ, ಕೊಂಕಣಿ ಕನ್ನಡ ಎರಡೂ ಕಲೆತು ಮಾಡು ಹಾರಿಹೋಗುವಂಥ ಗಲಾಟೆ. ನಡುವೆ ನಗು. ಒಮ್ಮೆ ಯಾರೋ ಅತ್ತ ಹಾಗೂ ಕೇಳಿಸಿತು. ಬಿಲ್ ಕಲೆಕ್ಟರ್ ಚಹಾ ತಂದು ಕೊಟ್ಟು, “ಸರ್, ಪುಸ್ತಕ ಒಳಗೇ ಬಿಟ್ಟು ಬಂದ್ರಾ?” ಎಂದು ಕಣ್ಣರಳಿಸಿದ. ಹೌದು ಎಂದೆ.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಪುಸ್ತಕ ಒಂದು ಕಲೆಯೂ ಇಲ್ಲದೆ ಮರಳಿ ಬಂತು. ದುಂಡಗಿನ ಅಕ್ಷರದಲ್ಲಿ ಬರೆದಿತ್ತು:

“ಮೀನು ಮಾರ್ಕೆಟ್ಟಲ್ಲಿ ಹೆಂಗಸರಿಗೆ ಎರಡು ಸಂಡಾಸ ಆಗಬೇಕು. ನೀರು ಇರಬೇಕು. ಬಾಗಿಲಿಗೆ ಒಳಗಿಂದ ಚಿಲಕ ಇರಬೇಕು. ಕೀಲಿ ನಮ್ಮ ಹತ್ತಿರ ಇರಬೇಕು. ಕಮಾನಿಗಿಂತ ಮೊದಲು ಆಗಬೇಕು. ಸುಗ್ಗಿ ಹುಣ್ಣಿಮೆಯ ಒಳಗೆ ಆಗಬೇಕು.”

ಕೆಳಗೆ ಸಹಿಗಳು, ಹೆಬ್ಬೆಟ್ಟುಗಳು. ಇಷ್ಟು ವರ್ಷ ನಾನು ಬರೆದ ಯಾವ ಠರಾವೂ ಇಷ್ಟು ಸ್ಪಷ್ಟವಾಗಿರಲಿಲ್ಲ. ನಿಂತಲ್ಲೇ ಎರಡು ಸಲ ಓದಿದೆ.

ಮಹಿಳಾ ಸಭೆಯ ಠರಾವು ಗ್ರಾಮ ಸಭೆಯಲ್ಲಿ ಒಪ್ಪಿಗೆಯಾದರೆ ಮಾತ್ರ ಕ್ರಿಯಾ ಯೋಜನೆಗೆ ಸೇರುತ್ತದೆ. ಅದಕ್ಕೆ ಮೂರು ವಾರ ಉಳಿದಿತ್ತು. ಅಷ್ಟರೊಳಗೆ ಅಂದಾಜು ಪತ್ರಿಕೆ ಕೈಯಲ್ಲಿ ಇಲ್ಲದಿದ್ದರೆ, “ತಾಂತ್ರಿಕವಾಗಿ ಸಾಧ್ಯವೋ ನೋಡುವಾ” ಎಂಬ ಒಂದೇ ಮಾತಿಗೆ ಎಲ್ಲ ಬಿದ್ದುಹೋಗುತ್ತದೆ. ಇಂಜಿನಿಯರರನ್ನು ಕರೆತಂದೆ. ಮಾರ್ಕೆಟ್ಟಿನ ಹಿಂದೆ ಮೊಣಕಾಲುದ್ದ ಗುಂಡಿ ತೋಡಿಸಿದರು. ನೋಡನೋಡುತ್ತಿದ್ದಂತೆ ತಳದಲ್ಲಿ ನೀರು ಒಸರಿತು.

“ಆಗೂದಿಲ್ಲ ಸರ್,” ಎಂದು ಟೇಪು ಸುತ್ತಿದರು. “ಮಳೆಗಾಲ ಮುಗಿದ ಮೇಲೂ ಇಷ್ಟು ಮೇಲೆ ನೀರಿದೆ. ಇಲ್ಲಿ ಟ್ಯಾಂಕು ಕೂರಿಸಿದರೆ ಆಷಾಢದಲ್ಲಿ ತುಂಬಿ ಹೊರಗೆ ಬರುತ್ತದೆ. ಬಾವಿಯೂ ಹತ್ತಿರ.”

ಬೇರೆ ಜಾಗ ಎಲ್ಲಿದೆ ಎಂದು ನಾನು ಸುತ್ತ ನೋಡಿದೆ. ಅಷ್ಟರಲ್ಲಿ ಸೊಸೆ ಬುಟ್ಟಿ ಬಿಟ್ಟು ಎದ್ದು ಬಂದಳು.

“ಸರ್, ಅಲ್ಲಿ ಯಾಕೆ ತೋಡೂದು? ಅದು ನೀರಿನ ಜಾಗ. ಮಳೆಗಾಲದಲ್ಲಿ ನಾವು ಖಾಲಿ ಕ್ರೇಟು ಎಲ್ಲ ಪೇರ್ಸಿಡೂದು ಐಸ್ ಕೋಣೆ ಬದೀಗೆ. ಎಂಥ ಮಳೆ ಬಂದ್ರೂ ಅಲ್ಲಿ ನೀರು ನಿಲ್ಲೂದಿಲ್ಲ. ಕೆಳಗೆ ಕಲ್ಲು.”

ಇಂಜಿನಿಯರ್ ಒಲ್ಲದ ಮನಸ್ಸಿನಿಂದ ಹೋದರು. ಐಸ್ ಕೋಣೆಯ ಪಕ್ಕ ತೋಡಿಸಿದಾಗ ಒಂದಡಿಗೆ ಚಿರೆಕಲ್ಲು ಸಿಕ್ಕಿತು, ಒಣ ಕಲ್ಲು. ಅವರು ಮತ್ತೆ ಟೇಪು ಬಿಚ್ಚಿದರು. ಬಾವಿಗೂ ಬೇಕಾದಷ್ಟು ದೂರವಿತ್ತು. ಎಲ್ಲ ಕಡೆ ಮುಚ್ಚಿದ ಸೆಪ್ಟಿಕ್ ಟ್ಯಾಂಕು, ಎರಡಡಿ ಎತ್ತರಿಸಿದ ಪಾಯ, ಮೇಲೆ ನೀರಿನ ಸಿಂಟೆಕ್ಸು ಎಂದು ಅಲ್ಲೇ ಕ್ರೇಟಿನ ಮೇಲೆ ಕೂತು ನಕ್ಷೆ ಗೀಚಿದರು. ಹೋಗುವಾಗ, “ನಿಮಗೆ ಮೊದಲೇ ಹೇಳಬಾರದಿತ್ತಾ?” ಎಂದು ಸೊಸೆಯನ್ನೇ ಕೇಳಿದರು. “ನೀವು ಕೇಳ್ಬೇಕಲ್ಲ ಸರ್,” ಎಂದಳು ಅವಳು.

ಆ ಮೂರು ವಾರದಲ್ಲಿ ಪ್ರತಿ ಸೋಮವಾರ ಒಂದು ತಾಸು ನಾನು ಮಾರ್ಕೆಟ್ಟಿಗೆ ಹೋಗಿ ಕೂತೆ. ಹಿಂದಿನ ವರ್ಷದ ಕ್ರಿಯಾ ಯೋಜನೆಯ ಪ್ರತಿ ತೆಗೆದುಕೊಂಡು ಹೋಗಿದ್ದೆ. ವಾರ್ಡ್ ಸಭೆ ಕೇಳುತ್ತದೆ, ಗ್ರಾಮ ಸಭೆ ಒಪ್ಪುತ್ತದೆ, ಪಂಚಾಯತಿ ಪಟ್ಟಿಗೆ ಹಾಕುತ್ತದೆ ಎಂದು ಬಿಡಿಸಿ ಹೇಳಿದೆ. ಪಟ್ಟಿಗೆ ಬಾರದ ಕೆಲಸವನ್ನು ಯಾರು ಎಷ್ಟು ಭರವಸೆ ಕೊಟ್ಟರೂ ನಂಬಬೇಡಿ ಎಂದೆ. ಸಭೆಯಲ್ಲಿ ಯಾರಾದರೂ “ನೋಡುವಾ, ಮಾಡುವಾ” ಎಂದರೆ ಮೂರು ಪ್ರಶ್ನೆ ಕೇಳಿ: ಯಾವ ಅನುದಾನ? ಪಟ್ಟಿಯಲ್ಲಿ ಎಷ್ಟನೇ ನಂಬರು? ಯಾವ ತಿಂಗಳ ಒಳಗೆ? ದೊಡ್ಡಕ್ಕ ಮೂರನ್ನೂ ಬೆರಳು ಮಡಚಿ ಮಡಚಿ ಬಾಯಿಪಾಠ ಮಾಡಿದರು.

ಕಲಿಸಿದ್ದರ ಫಲ ಮೊದಲು ಉಂಡವನು ನಾನೇ. ಸೊಸೆ ಪಟ್ಟಿಯನ್ನು ಬೆರಳಿಟ್ಟು ಓದುತ್ತ ಹೋದವಳು ಒಂದು ಕಡೆ ನಿಂತಳು.

“ಸರ್, ಹೋದ ವರ್ಷ ಮಾರ್ಕೆಟ್ಟಿಗೆ ನಾಲ್ಕು ಎಲ್ಇಡಿ ಬಲ್ಬು ಅಂತ ಬರ್ದದೆ. ಇಲ್ಲಿ ಒಂದೇ ಉರಿಯೂದು. ಉಳಿದ ಮೂರು ಎಲ್ಲದೆ?”

ಬಂದು ಹುಡುಕಿಸಿದರೆ ಮೂರೂ ಕಚೇರಿಯ ಕಪಾಟಿನಲ್ಲಿ ಡಬ್ಬಿ ಸಮೇತ ಮಲಗಿದ್ದವು. ಗುರುವಾರದೊಳಗೆ ಹಾಕಿಸಿದೆ. ಆ ಬಲ್ಬು ಉರಿದ ಮೇಲೆ ಮಾರ್ಕೆಟ್ಟಿನವರು ನಾನು ಹೇಳಿದ್ದನ್ನು ಗಮನವಿಟ್ಟು ಕೇಳತೊಡಗಿದರು.

ಮುಂದೂಡಿದ ಗ್ರಾಮ ಸಭೆ ಶಾಲೆಯ ಸಭಾಂಗಣದಲ್ಲಿ, ಸೋಮವಾರ ಮಧ್ಯಾಹ್ನ ಮೂರಕ್ಕೆ. ಅಧ್ಯಕ್ಷರೂ ಸುಮ್ಮನೆ ಕೂತಿರಲಿಲ್ಲ. ಯುವಕ ಸಂಘದವರು ಕಮಾನಿನ ಬಣ್ಣದ ಚಿತ್ರ ಹಿಡಿದು ಮುಂದಿನ ಎರಡು ಸಾಲು ಹಿಡಿದಿದ್ದರು. ಚಿತ್ರ ಚೆನ್ನಾಗಿಯೇ ಇತ್ತು. ಮೂರೂ ಹತ್ತಾಯಿತು, ಹೆಂಗಸರ ಸುಳಿವಿಲ್ಲ. ಆಮೇಲೆ ಗೇಟಿನ ಹತ್ತಿರ ಮಾತಿನ ಸದ್ದು ಕೇಳಿತು. ಮಾರ್ಕೆಟ್ಟಿನವರಷ್ಟೇ ಅಲ್ಲ, ಕೇರಿಯ ಮುದುಕಿಯರು, ಒಣಮೀನು ಮಾಡುವವರು, ಮಗುವನ್ನು ಸೊಂಟದಲ್ಲಿ ಎತ್ತಿಕೊಂಡವರು, ಎಲ್ಲರೂ ಒಟ್ಟಾಗಿ ಬಂದರು. ಕುರ್ಚಿ ಸಾಲದೆ ನೆಲದ ಮೇಲೆ ಕೂತರು. ಬಿಲ್ ಕಲೆಕ್ಟರ್ ಎಣಿಸುತ್ತ ನೂರು ದಾಟಿದ ಮೇಲೆ ನನ್ನತ್ತ ನೋಡಿ ನಕ್ಕ. ಹಾಜರಿ ಪುಸ್ತಕವನ್ನು ಬಾಗಿಲಲ್ಲಿ ಇಡದೆ ನನ್ನ ಮೇಜಿನ ಮೇಲೇ ಇಟ್ಟುಕೊಂಡೆ. ಠರಾವು ಓದಿದ ಮೇಲೆಯೇ ಸಹಿ ಎಂದು ಘೋಷಿಸಿದೆ.

ಅಧ್ಯಕ್ಷರು ಕಮಾನಿನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಚಪ್ಪಾಳೆ ಬಿತ್ತು. ನಾನು ಮಹಿಳಾ ಸಭೆಯ ಠರಾವನ್ನು ಒಂದಕ್ಷರ ಬದಲಿಸದೆ ಓದಿದೆ. “ಸಂಡಾಸ” ಎಂದಾಗ ಮುಂದಿನ ಸಾಲಿನಲ್ಲಿ ಕಿಸಕ್ಕನೆ ನಗು ಬಂತು. ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು.

“ಹೆಂಗಸ್ರ ಬೇಡಿಕೆ ನ್ಯಾಯವಾದ್ದೇ. ಅದನ್ನ ಮುಂದೆ ನೋಡುವಾ.”

ದೊಡ್ಡಕ್ಕ ಎದ್ದು ನಿಂತರು.

“ನೋಡುವಾ ಅಂದ್ರೆ? ಯಾವ ಅನುದಾನ? ಪಟ್ಟೀಲಿ ಎಷ್ಟನೇ ನಂಬ್ರು? ಯಾವ ತಿಂಗ್ಳ ಒಳಗೆ? ಹೇಳು ತಮ್ಮ.”

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಅಂದಾಜು ಪತ್ರಿಕೆಯನ್ನು ಅವರ ಮುಂದೆ ಸರಿಸಿದೆ. ಕಮಾನನ್ನು ಕೈಬಿಟ್ಟರೆ ಅದೇ ಅನುದಾನದಲ್ಲಿ, ಅದೇ ನಂಬರಿನಲ್ಲಿ, ಮಾರ್ಚ್ ಒಳಗೆ ಕೆಲಸ ಮುಗಿಯುತ್ತದೆ ಎಂದು ಸಭೆಗೆ ಕೇಳುವಂತೆ ಹೇಳಿದೆ. ಯುವಕ ಸಂಘದವನೊಬ್ಬ ಎದ್ದು, “ಊರಿನ ಮರ್ಯಾದೆ ಪ್ರಶ್ನೆ ಇದು,” ಎಂದ.

“ಮರ್ಯಾದೆ!” ದೊಡ್ಡಕ್ಕ ಅವನ ಕಡೆ ತಿರುಗಲೂ ಇಲ್ಲ, ಅಧ್ಯಕ್ಷರನ್ನೇ ನೋಡುತ್ತ ಮಾತಾಡಿದರು. “ನಿನ್ನ ಅಬ್ಬೆ ನನ್ನ ಬಗ್ಲಿಗೇ ಬುಟ್ಟಿ ಇಟ್ಟು ಕೂತವ್ಳು. ನಿನ್ನ ಹೊಟ್ಟೇಲಿ ಇಟ್ಕೊಂಡೂ ಕೂತವ್ಳು. ಬೆಳಿಗ್ಗೆಂದ ಮಧ್ಯಾಹ್ನದ ತನ್ಕ ಒಂದು ಗುಟುಕು ನೀರು ಕುಡೀತಿರ್ಲಿಲ್ಲ. ಎಂತಕೆ ಅಂತ ನಿಂಗೆ ಗೊತ್ತಾ? ನೀ ಕೇಳ್ಲಿಲ್ಲ, ಅವ್ಳು ಹೇಳ್ಲಿಲ್ಲ. ಇವತ್ತು ನಾ ಹೇಳ್ತೇನೆ, ನೂರು ಜನ್ರ ಎದುರು.”

ಯಾರೂ ನಗಲಿಲ್ಲ. ಅಧ್ಯಕ್ಷರು ಕೈಯಲ್ಲಿದ್ದ ಕಮಾನಿನ ಚಿತ್ರವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಅವರ ತಾಯಿ ತೀರಿಕೊಂಡು ತುಂಬಾ ವರ್ಷವಾಗಿತ್ತು. ನಾನು ಕೈ ಎತ್ತಲು ಹೇಳಿದೆ. ನೆಲದ ಮೇಲಿದ್ದ ಕೈಗಳೆಲ್ಲ ಒಮ್ಮೆಗೇ ಎದ್ದವು. ಹಿಂದಿನ ಸಾಲಿನ ಗಂಡಸರು ಒಬ್ಬೊಬ್ಬರಾಗಿ ಎತ್ತಿದರು. ಆಮೇಲೆ ಅಧ್ಯಕ್ಷರ ಕೈ ಎದ್ದಿತು. ಅದನ್ನು ಕಂಡು ಮುಂದಿನ ಎರಡು ಸಾಲೂ ಎತ್ತಿತು. ನಾನು ಬರೆದು, ಎದ್ದು ನಿಂತು ಗಟ್ಟಿಯಾಗಿ ಓದಿದೆ. ಸಹಿಯ ಸಾಲು ಬಾಗಿಲಾಚೆ ಆಟದ ಬಯಲಿನವರೆಗೆ ಹೋಯಿತು. ನಾನು ಕಣ್ಣೊರೆಸಿಕೊಂಡದ್ದನ್ನು ಬಿಲ್ ಕಲೆಕ್ಟರ್ ನೋಡಿಬಿಟ್ಟ.

ಕೆಲಸ ಜನವರಿಯಲ್ಲಿ ಶುರುವಾಯಿತು. ಗುತ್ತಿಗೆದಾರ ಇಂಥ ಮೇಲ್ವಿಚಾರಣೆಯನ್ನು ಜನ್ಮದಲ್ಲಿ ಕಂಡಿರಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಐವತ್ತು ಜನ ಅವನ ಸಿಮೆಂಟನ್ನೇ ನೋಡುತ್ತ ಕೂತಿರುತ್ತಿದ್ದರು. ಬಾಗಿಲು ತಂದ ದಿನ ಅದಕ್ಕೆ ಹೊರಗಿನ ಕೊಂಡಿ ಮಾತ್ರ ಇತ್ತು. ಸೊಸೆ ಠರಾವಿನ ನಕಲು ತಂದು ಅವನ ಮುಂದೆ ಹಿಡಿದಳು.

“ಒಳಗಿಂದ ಚಿಲಕ ಅಂತ ಬರ್ದದೆ. ಓದಿ.”

“ಆಮೇಲೆ ಹಾಕ್ವಾ ಅಕ್ಕಾ,” ಎಂದನಂತೆ ಆತ.

“ಯಾವ ತಿಂಗ್ಳ ಒಳಗೆ?” ಎಂದು ಐದಾರು ಜನ ಒಟ್ಟಿಗೇ ಕೇಳಿದರಂತೆ. ಸಂಜೆಯೊಳಗೆ ಚಿಲಕ ಕೂತಿತ್ತು.

ಸುಗ್ಗಿ ಹುಣ್ಣಿಮೆಗೆ ಎಂಟು ದಿನ ಇರುವಾಗ ಎಲ್ಲ ಮುಗಿಯಿತು. ದೊಡ್ಡಕ್ಕ ಇನ್ನೂ ಬುಟ್ಟಿ ಬಿಟ್ಟಿರಲಿಲ್ಲ. ಉದ್ಘಾಟನೆ ಸೋಮವಾರ ಹತ್ತಕ್ಕೆ ಎಂದು ನಿಗದಿಯಾಯಿತು. ಅಧ್ಯಕ್ಷರೇ ಮುಂದೆ ನಿಂತು ಶಾಮಿಯಾನ ಹಾಕಿಸಿದರು, ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿಸಿದರು. ಕತ್ತರಿ ತಟ್ಟೆಯಲ್ಲಿ ಸಿದ್ಧವಿತ್ತು. ದೊಡ್ಡ ಅತಿಥಿಯೊಬ್ಬರು ಕದ್ರಾದಲ್ಲಿ ಇನ್ನೊಂದು ಕಾರ್ಯಕ್ರಮ ಮುಗಿಸಿ ಬರಬೇಕಿತ್ತು. ಹತ್ತೂವರೆಯಾಯಿತು. ಹನ್ನೊಂದಾಯಿತು. ಈಗ ಹೊರಟಿದ್ದಾರೆ ಎಂದು ಫೋನ್ ಬಂತು. ದೊಡ್ಡಕ್ಕ ಆ ದಿನ ಬೆಳಿಗ್ಗೆಯಿಂದಲೇ ಧೈರ್ಯ ಮಾಡಿ ಒಂದು ಬಾಟಲಿ ನೀರು ಕುಡಿದು ಮುಗಿಸಿದ್ದರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಸೊಸೆ ಆಮೇಲೆ ಹೇಳಿದಳು. ಅವರು ಕುರ್ಚಿಯಲ್ಲಿ ಎರಡು ಸಲ ಮಗ್ಗುಲು ಬದಲಿಸಿದರು. ಆಮೇಲೆ ಎದ್ದರು. ಯಾರನ್ನೂ ಕೇಳಲಿಲ್ಲ. ಸೀರೆ ಎತ್ತಿ ಕಟ್ಟಿ, ರಿಬ್ಬನ್ನನ್ನು ಒಂದು ಕೈಯಲ್ಲಿ ಮೇಲಕ್ಕೆತ್ತಿ, ಅದರ ಕೆಳಗೆ ನುಸುಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೈಕಿನವನು ಹಾಡು ನಿಲ್ಲಿಸಿದ. ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಬ್ಯಾನರ್ ನೋಡಿದೆ. ನೂರಾರು ಜನ ಮುಚ್ಚಿದ ಬಾಗಿಲಿನ ಮುಂದೆ ಒಂದು ಮಾತಿಲ್ಲದೆ ನಿಂತಿದ್ದೆವು.

ಬಾಗಿಲು ತೆರೆಯಿತು. ದೊಡ್ಡಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಅದೇ ರಿಬ್ಬನ್ ಎತ್ತಿ ಹೊರಗೆ ಬಂದರು. ಮೊದಲು ತಮ್ಮವರ ಕಡೆ ನೋಡಿ ಕೊಂಕಣಿಯಲ್ಲಿ ಏನೋ ಹೇಳಿದರು, ಹೆಂಗಸರೆಲ್ಲ ಹೋ ಎಂದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿದರು.

“ಚಲೋ ಆಗದೆ,” ಎಂದರು. “ಈಗ ಯಾರು ಬೇಕಾದ್ರೂ ಬಂದು ಕತ್ರಿಸ್ಲಿ.”

ಅಧ್ಯಕ್ಷರು ಮೊದಲು ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ರಿಬ್ಬನ್ನಿನ ಮುಂದೆ ಹೆಂಗಸರ ಸಾಲು ನಿಂತಾಗಿತ್ತು.